ಕಾಡಿನ ಸೀನು

ಹೆಗ್ಗಡದೇವನಕೋಟೆ ತಾಲ್ಲೂಕು, ಕಾಡಂಚಿನ ಹೊಲ
೯ ನವೆಂಬರ್ ೧೯೯೯

ನನ್ನ ಶಾಂತಲಾ,

ಕಾಡಿನ ಬಾಗಿಲಲ್ಲಿ ನಿಂತು ನಿನ್ನ ಗಂಡ ಗಂಟಲೆತ್ತಿ ಕೂಗುತ್ತಿದ್ದಾನೆ. ಕೆ.ಆರ್. ನಗರದಲ್ಲಿರುವ ನಿನ್ನ ತಾಯಿಮನೆಯ ಕಿಟಕಿ ತೆರೆದಿರಲಿ!

ನಿನ್ನ ಕಾಗದ ತಲುಪಿತು. ಡಿಸೆಂಬರಿನ ಮೊದಲ ಭಾನುವಾರ ನಮ್ಮ ಹಳೆಯ ರಾಕ್ ತಂಡ ಮೈಸೂರಿನಲ್ಲಿ ಮತ್ತೆ ಸೇರುತ್ತದಂತೆ. ಡ್ರಮ್ಮಿನ ಧರ್ಮೇಂದ್ರ ಹಾಲ್ ಗೊತ್ತು ಮಾಡಿದ್ದಾನಂತೆ. ಜನ ಕೇಳುವುದು ಒಂದೇ ಹಾಡಂತೆ: ‘ಗಡಿಯಾರ ಒಡೆದು ಹಾಕು, ಕಾಡಿಗೆ ನಡೆ!’ ನಾನು ಬಂದು ಹಾಡಿದರೆ ಆಮೇಲೆ ಇಬ್ಬರೂ ಕೂತು ನಮ್ಮ ಸಂಸಾರದ ಮಾತಾಡೋಣ, ಬಾರದಿದ್ದರೆ ಇದೇ ನಿನ್ನ ಕಡೆಯ ಕಾಗದ ಎಂದಿದ್ದೀಯೆ.

ಬರುವುದಿಲ್ಲ! ಆ ಹಾಡನ್ನು ಕಿರುಚಿದವರು ನಾವು ಐದು ಜನ. ಹಾಡಿನಂತೆ ನಡೆದವನು ನಾನೊಬ್ಬನೇ. ಇಲ್ಲಿ ಹೊಗೆಯಿಲ್ಲ, ಹಾರನ್ನಿಲ್ಲ. ಬೆಳಗಾದರೆ ಮಂಜು ನನ್ನ ಜಗಲಿಗೇ ಬಂದು ಅಡ್ಡಬೀಳುತ್ತದೆ. ಯಾವ ಮಹಾರಾಜನಿಗಿತ್ತು ಇಂಥ ದರ್ಬಾರು?

ಜಗಲಿ ಎಂದಾಗ ನೆನಪಾಯಿತು. ಊರಿನವರೆಲ್ಲ ಕಾಡಿಗೆ ಬೆನ್ನು ಮಾಡಿ ಮನೆ ಕಟ್ಟಿದ್ದಾರೆ. ನಾನೊಬ್ಬನೇ, ಪ್ರೇಕ್ಷಕರಿಗೆ ಮುಖ ಮಾಡಿದ ನಟನ ಹಾಗೆ, ಕಾಡಿಗೇ ಬಾಗಿಲಿಟ್ಟೆ. ಪಕ್ಕದ ಹೊಲದ ಚಿಕ್ಕಬೀರಮ್ಮ ಈಗಲೂ ನಗುತ್ತಾಳೆ: “ಆನೆ ಬಂದ್ರೆ ಒಳೀಕ್ ಕರ್ಯಕ್ಕೆ ಬಾಗ್ಲು ಮಡಗವ್ರೆ ಕಣವ್ವ!”

ಆನೆ ಬಂತು, ಶಾಂತಲಾ. ಮೊನ್ನೆ ಸಂಜೆ, ತೆನೆ ಬಲಿತ ರಾಗಿಗೆ. ಊರೆಲ್ಲ ತಗಡು ಬಡಿಯಿತು. ನಾನು ಜಗಲಿ ಏರಿ, ಅಪ್ಪನ ನಾಟಕ ಕಂಪನಿಯ ಭೀಮನ ದನಿಯಲ್ಲಿ ನಮ್ಮ ಹಾಡನ್ನೇ ಗರ್ಜಿಸಿದೆ. ಆನೆ ತಿರುಗಿ ಹೋಯಿತು. ಚಿಕ್ಕಬೀರಮ್ಮನ ಗಂಡ ಸಣ್ಣಬೀರಯ್ಯ ಬೀಡಿ ಹಚ್ಚಿ ಅಂದ: “ಅಲ್ಲಾ ಸ್ವಾಮಿ, ಕಾಡು ಬೇಕು ಬೇಕು ಅಂತ ಆಡ್ಕಂಡು ಬಂದ್ರಿ. ಕಾಡೇ ಮನೆ ತಾವ ಬಂದ್ರೆ ಅದೇ ಆಡಲ್ಲಿ ಓಡುಸ್ತೀರಲ್ಲ!” ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಅವರೆಲ್ಲ ಮನೆಗೆ ಹೋದ ಮೇಲೆ ನಗು ನಿಲ್ಲಿಸುವುದು ಹೇಗೆಂದು ತಿಳಿಯದೆ ಜಗಲಿಯ ಮೇಲೆಯೇ ಕುಳಿತಿದ್ದೆ.

ಸಾಲಿಗ್ರಾಮದಲ್ಲಿ ಅಪ್ಪನ ಕಂಪನಿ ಮುಚ್ಚಿದ ಮೇಲೆ ಉಳಿದ ಪರದೆಗಳ ಮುಂದೆ ಕುಳಿತೇ ನಾನು ಆ ಹಾಡು ಬರೆದದ್ದು. ನನ್ನೆದುರಿಗಿದ್ದದ್ದು ಕಾಡಿನ ಸೀನು: ಬಟ್ಟೆಯ ಮೇಲೆ ಬರೆದ ಜಲಪಾತ, ಎರಡು ಜಿಂಕೆ. ನಾಟಕದಲ್ಲಿ ರಾಜ ಕಾಡಿಗೆ ಹೋದರೆ ಹಿಂದೆಯೇ ಹಾರ್ಮೋನಿಯಂ ಬರುತ್ತದೆ, ರಾಣಿ ಬರುತ್ತಾಳೆ, ನಗಿಸಲು ಹಾಸ್ಯಗಾರ ಬರುತ್ತಾನೆ, ಆಮೇಲೆ ಯಾರೋ ಹಗ್ಗ ಎಳೆದು ಪರದೆ ಬದಲಿಸುತ್ತಾರೆ. ಇಲ್ಲಿ ಹಗ್ಗ ಎಳೆಯುವವರು ಯಾರೂ ಇಲ್ಲ.

ಹೋದ ವರ್ಷ ಬಸ್ಸು ಹತ್ತುವಾಗ ನೀನು ಹೇಳಿದ್ದೆ: “ಕಾಡು ಬೇಜಾರಲ್ಲ ಕಣ್ರೀ. ನೀವು ನನ್ ಜೊತೆ ಮಾತಾಡಲ್ಲ, ಭಾಷಣ ಮಾಡ್ತೀರಿ.” ಅದಕ್ಕೂ ನಾನು ಒಂದು ಭಾಷಣವನ್ನೇ ಮಾಡಿದೆ. ಬಸ್ಸು ತಿರುವು ದಾಟಿದ ಮೇಲೂ ಮುಗಿದಿರಲಿಲ್ಲ. ಈಗ ನವಿಲಿಗೆ ಹೇಳುತ್ತೇನೆ, ಬೇವಿನ ಮರಕ್ಕೆ ಹೇಳುತ್ತೇನೆ. ಒಂದೂ ತಿರುಗಿ ಮಾತಾಡುವುದಿಲ್ಲ. ನೀನಾದರೆ ಅರ್ಧದಲ್ಲೇ “ಸಾಕು ಬುಡಿ” ಅನ್ನುತ್ತಿದ್ದೆ.

ಇರಲಿ! ನಾನು ಸುಖವಾಗಿದ್ದೇನೆ. ಧರ್ಮೇಂದ್ರನಿಗೆ ಹೇಳು: ಗೌರೀಶ ಕಾಡು ಬಿಟ್ಟು ಕದಲುವುದಿಲ್ಲ. ಹಾಡು ಬೇಕಾದರೆ ಅವನೇ ಹಾಡಿಕೊಳ್ಳಲಿ.

ಮಂಜಿನ ದರ್ಬಾರಿನ ಒಂಟಿ ರಾಜ,
ನಿನ್ನ ಗೌರೀಶ

ಬರೆದು ಮುಗಿಸಿದ ಮೇಲೆ ಉಳಿದದ್ದು: ಅಪ್ಪನ ಪರದೆಗಳಲ್ಲಿ ಬೀದಿ ಸೀನು ನೆನಪಿದೆಯಾ? ಸೋಡಾ ಅಂಗಡಿ, ಜಟಕಾಗಾಡಿ, ಮಹಡಿಯಿಂದ ಬಗ್ಗಿ ನೋಡುವ ಹೆಂಗಸು. ಆನೆ ಬಂದ ಮಾರನೆಯ ದಿನ ಅದನ್ನು ಪೆಟ್ಟಿಗೆಯಿಂದ ತೆಗೆದು ಒಳಗಿನ ಗೋಡೆಗೆ ಕಟ್ಟಿದ್ದೇನೆ. ಕಾಡಿನ ಬಾಗಿಲು ಹಾಕಿ, ಅದರ ಮುಂದೆ ಕುಳಿತೇ ಇದಿಷ್ಟನ್ನೂ ಬರೆದೆ. ಗಿಟಾರಿನ ತಂತಿಗಳನ್ನೆಲ್ಲ ಬಿಚ್ಚಿ, ಅವುಗಳಿಂದಲೇ ಹಂದಿ ಬೆದರಿಸಲು ಬೇಲಿಗೆ ಡಬ್ಬ ಕಟ್ಟಿಬಿಟ್ಟಿದ್ದೇನೆ. ಹೊಸ ತಂತಿ ಕೊಂಡಿಟ್ಟಿರು. ಕಾರ್ಯಕ್ರಮದ ಹಿಂದಿನ ದಿನ, ಶನಿವಾರವೇ ಬರುತ್ತೇನೆ.