ಕಿಂಗ್ಸ್‌ಬರಿಯಲ್ಲಿ ಕೈದಿ, ಜಲಾಶಯದಲ್ಲಿ ಅತಿಥಿ

ಹಕ್ಕಿ ದಾಖಲೆ ಸಮಿತಿಯ ಮಾನ್ಯ ಕಾರ್ಯದರ್ಶಿಗಳೇ,

ಕಳೆದ ಅಕ್ಟೋಬರಿನಲ್ಲಿ ಲಂಡನ್ನಿನ ಕಿಂಗ್ಸ್‌ಬರಿಯ ನನ್ನ ಹಿತ್ತಲಿಗೆ ಬಂದಿಳಿದ ಹಕ್ಕಿಯನ್ನು ದಾಖಲೆಯಿಂದ ಕೈಬಿಟ್ಟು, ‘ಪಂಜರದಿಂದ ತಪ್ಪಿಸಿಕೊಂಡದ್ದು’ ಎಂದು ತಾವು ಮುದ್ರಿಸಿದ್ದೀರಿ. ಅದು ಅಸತ್ಯ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ತಮಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಕನ್ನಡದಲ್ಲಿ, ಇಲ್ಲಿನ ಕನ್ನಡಿಗರ ನಮ್ಮ ಬಳಗದ ಪತ್ರಿಕೆಯಲ್ಲಿ ಪ್ರಕಟಿಸುತ್ತಿರುವುದಕ್ಕೆ ಕಾರಣ, ತಮ್ಮ ಸಮಿತಿಯ ಫಾರಂ ತುಂಬುವ ಮೊದಲು ನಮ್ಮವರಿಗೂ ಅದರ ಗತಿ ತಿಳಿದಿರಲೆಂದು.

೧೯೯೮ರ ಶರತ್ಕಾಲದ ವಲಸೆಯಲ್ಲಿ ಲಂಡನ್ ಸುತ್ತಮುತ್ತ ಕಂಡ ಅಪರೂಪದ ಹಕ್ಕಿಗಳ ವಾರ್ಷಿಕ ವರದಿಯನ್ನು ಶ್ರದ್ಧೆಯಿಂದ ಓದಿದೆ. ಅಕ್ಟೋಬರ್ ಆರು, ಮಂಗಳವಾರ, ಬೆಳಿಗ್ಗೆ ಹತ್ತೂಕಾಲಿಗೆ, ಉದುರಿದ ಸೇಬುಗಳನ್ನು ಕುಕ್ಕುತ್ತಿದ್ದ ಸ್ಟಾರ್ಲಿಂಗ್ ಎಂಬ ಇಲ್ಲಿಯ ಕಪ್ಪು ಕಬ್ಬಕ್ಕಿಗಳ ನಡುವೆ ನಾನು ಕಂಡದ್ದು ಮರಳಿನ ಬಣ್ಣದ ಮರಿಹಕ್ಕಿ: ಕಪ್ಪು ರೆಕ್ಕೆ, ಬುಡದಲ್ಲಿ ಹಳದಿಯಾದ ಮೊಂಡು ಕೊಕ್ಕು, ಎಡರೆಕ್ಕೆಯಲ್ಲಿ ಒಂದೇ ಒಂದು ಬಿಳಿ ಗರಿ. ಗುಲಾಬಿ ಕಬ್ಬಕ್ಕಿಯ ಮರಿ. ಜೊತೆಗಿದ್ದವರು ಪಕ್ಕದ ಮನೆಯ ಮಾರ್ಗರೆಟ್. ಇಬ್ಬರೂ ಸಹಿ ಮಾಡಿ ಫಾರಂ ಕಳುಹಿಸಿದೆವು.

ನಿವೃತ್ತ ಶಿಕ್ಷಕಿಗೆ ಇದು ಹೇಗೆ ಗೊತ್ತು ಎಂಬುದು ತಮ್ಮ ಮೊದಲ ಅನುಮಾನ. ನಾನು ಪಾಠ ಮಾಡುತ್ತಿದ್ದ ಧಾರವಾಡ ಜಿಲ್ಲೆಯ ಜೋಳದ ಹೊಲಗಳಿಗೆ ಪ್ರತಿ ಚಳಿಗಾಲ ಈ ಹಕ್ಕಿಗಳು ಸಾವಿರಗಟ್ಟಲೆ ಇಳಿಯುತ್ತವೆ. ನಾವು ಅದನ್ನು ಜೋಳದ ಹಕ್ಕಿ ಎಂದೇ ಕರೆಯುತ್ತಿದ್ದೆವು. ತೆನೆ ಹಾಲುಗಟ್ಟಿದೊಡನೆ ನನ್ನ ಅರ್ಧ ತರಗತಿ ಕವಣೆ ಹಿಡಿದು ಹೊಲದ ಅಟ್ಟಣಿಗೆಯ ಮೇಲಿರುತ್ತಿತ್ತು. ಗೈರುಹಾಜರಿ ಬರೆದು ಸುಮ್ಮನಿರುವ ಶಿಕ್ಷಕಿ ನಾನಲ್ಲ. ಸೀರೆ ಎತ್ತಿ ಕಟ್ಟಿ ಅಟ್ಟಣಿಗೆ ಹತ್ತಿ, ಅಲ್ಲಿಯೇ ಹದಿಮೂರರ ಮಗ್ಗಿ ಕಲಿಸಿದ್ದೇನೆ. ಆ ಹಕ್ಕಿಯನ್ನು ಎಳೆಯದರಿಂದ ಮುದಿಯದರವರೆಗೆ ಎಲ್ಲ ವಯಸ್ಸಿನಲ್ಲಿಯೂ ನೋಡಿದ್ದೇನೆ. ತಮ್ಮ ಸಮಿತಿಯ ಎಷ್ಟು ಮಂದಿ ನೋಡಿದ್ದಾರೆ?

ಬಳಿಕ ಸಮಿತಿಯ ಸದಸ್ಯರೊಬ್ಬರು ವಿಚಾರಣೆಗೆ ಬಂದರು. ಸಭ್ಯರು, ಚಹಾ ಕುಡಿದರು. ಹಿತ್ತಲಿನ ಮೇಜಿನ ಮೇಲಿದ್ದ ತಂತಿಯ ಜಾಳಿಗೆಯನ್ನು ಕಂಡವರೇ, “ಇದರಲ್ಲಿ ಏನನ್ನು ಸಾಕುತ್ತಿದ್ದಿರಿ?” ಎಂದು ಕೇಳಿದರು. ಸಂಡಿಗೆ ಎಂದೆ. ಅಕ್ಕಿಹಿಟ್ಟು ಕುದಿಸಿ, ಬಟ್ಟೆಯ ಮೇಲೆ ಇಟ್ಟು, ಒಣಗಿಸಿ ಕರಿಯುವ ವಿಧಾನವನ್ನೆಲ್ಲ ವಿವರಿಸಿದೆ. ಅವರು ತಲೆಯಾಡಿಸುತ್ತಲೇ ಬರೆದುಕೊಂಡರು. ಲಂಡನ್ನಿನ ಅಕ್ಟೋಬರ್ ಬಿಸಿಲನ್ನು ನಂಬಿ ಸಂಡಿಗೆ ಇಟ್ಟದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಹಕ್ಕಿ ಒಳಗೆ ಬಾರದಿರಲೆಂದು ಮುಚ್ಚಿದ ಜಾಳಿಗೆ, ಹಕ್ಕಿ ಹೊರಗೆ ಹೋಗದಿರಲೆಂದು ಮುಚ್ಚಿದ್ದಾಗಿ ತಮ್ಮ ಕಡತದಲ್ಲಿ ಮಾರ್ಪಟ್ಟದ್ದು ಹೇಗೆ? ವರದಿಯ ವಾಕ್ಯವನ್ನೇ ಉದ್ಧರಿಸುತ್ತೇನೆ: ‘ಮನೆಯಲ್ಲಿ ತಂತಿಯ ಪಂಜರವಿದ್ದುದನ್ನೂ ಆ ಭಾಗದ ನಿವಾಸಿಗಳ ಹಕ್ಕಿ ಸಾಕುವ ಅಭ್ಯಾಸವನ್ನೂ ಗಮನಿಸಿ, ತಪ್ಪಿಸಿಕೊಂಡದ್ದೆಂದು ಪರಿಗಣಿಸಲಾಗಿದೆ.’ ಯಾವ ನಿವಾಸಿಗಳು? ಯಾರ ಅಭ್ಯಾಸ? ನಮ್ಮ ಬೀದಿಯಲ್ಲಿ ಹಕ್ಕಿ ಸಾಕಿರುವವರು ಒಬ್ಬರೇ, ಮೂಲೆಮನೆಯ ಇಂಗ್ಲಿಷ್ ವೃದ್ಧರು. ಅವರದು ಎರಡು ಗಿಳಿ.

ಮಾರ್ಗರೆಟ್ ಉಡುಪಿಯವರು, ನನ್ನಷ್ಟು ಬೇಗ ಸಿಟ್ಟಾಗುವವರಲ್ಲ. ವರದಿ ಓದಿ ಅವರೆಂದದ್ದು ಇಷ್ಟು: “ಟೀಚರೇ, ನೀವು ಅವರಿಗೆ ನಾಲ್ಕು ಸಂಡಿಗೆ ಕರಿದು ಕೊಡಬೇಕಿತ್ತು. ತಿಂದ ಬಾಯಲ್ಲಿ ಪಂಜರ ಅಂತ ಹೇಳ್ಲಿಕ್ಕೆ ನಾಚಿಕೆ ಆಗ್ತಿತ್ತು.”

ಇನ್ನು ಅದೇ ವರದಿಯ ಮರುಪುಟಕ್ಕೆ ಬರೋಣ. ಅಕ್ಟೋಬರ್ ಹತ್ತು, ಶನಿವಾರ, ನಗರದ ನೈಋತ್ಯದ ಜಲಾಶಯವೊಂದರ ದಂಡೆಯಲ್ಲಿ ಗುಲಾಬಿ ಕಬ್ಬಕ್ಕಿಯ ಮರಿ. ಅನುಭವಿ ವೀಕ್ಷಕರು ಕಂಡದ್ದು, ‘ನಿಸ್ಸಂದೇಹವಾಗಿ ವಲಸೆ ಬಂದದ್ದು’, ಛಾಯಾಚಿತ್ರ ಸಹಿತ. ನಾನು ಭೂತಗನ್ನಡಿ ಹಿಡಿದು ನೋಡಿದೆ. ಎಡರೆಕ್ಕೆಯಲ್ಲಿ ಒಂದೇ ಒಂದು ಬಿಳಿ ಗರಿ. ಆ ಗರಿಯ ವಿವರವಿದ್ದ ನನ್ನ ಫಾರಂ ತಮಗೆ ತಲುಪಿದ್ದು ಎಂಟನೆಯ ತಾರೀಖು, ಅಂದರೆ ಎರಡು ದಿನ ಮೊದಲೇ. ತಮ್ಮ ಮೊಹರೇ ಸಾಕ್ಷಿ. ಹಾಗಾದರೆ ಮಂಗಳವಾರ ನನ್ನ ಸೇಬಿನ ಗಿಡದಡಿ ಸೆರೆ ತಪ್ಪಿಸಿಕೊಂಡು ಬಂದಿದ್ದ ಹಕ್ಕಿ, ನಾಲ್ಕೇ ದಿನಗಳಲ್ಲಿ ಖಂಡ ದಾಟಿದ ಗೌರವಾನ್ವಿತ ಅತಿಥಿಯಾದದ್ದು ಯಾವ ಪವಾಡದಿಂದ? ನೋಡಿದ ಕಣ್ಣು ಯಾರದೆಂಬುದರ ಮೇಲೆ ಹಕ್ಕಿಯ ಹುಟ್ಟೂರು ಬದಲಾಗುತ್ತದೆಯೇ?

ನನ್ನ ಅಳಿಯ ಜಗದೇವಪ್ಪ ಶಾಂತ ಸ್ವಭಾವದವರು. “ಬಿಡ್ರಿ ಅತ್ತಿಯವರ, ಒಂದು ಹಕ್ಕಿ ಸಲುವಾಗಿ ಇಷ್ಟ್ಯಾಕ?” ಎಂದರು. “ಹಕ್ಕಿ ಸಲುವಾಗಿ ಅಲ್ಲರೀ,” ಎಂದೆ, “ನಾ ಸುಳ್ಳ ಹೇಳೇನಿ ಅಂತ ಛಾಪಿಸ್ಯಾರ.” ಅವರು ಎದ್ದು ಹೋಗಿ ಈ ಪತ್ರಕ್ಕೆ ಕಾಗದ ತಂದುಕೊಟ್ಟರು. ಮನೆಯಲ್ಲಿ ಪಂಜರವಿದೆಯೇ ಎಂಬ ಫಾರಂನ ಪ್ರಶ್ನೆಗೆ ಇಲ್ಲವೆಂದು ನಾನು ಸ್ಪಷ್ಟವಾಗಿ ಬರೆದಿದ್ದೆ. ಪಂಜರವಿತ್ತೆಂದು ತಾವು ಬರೆದರೆ ನಮ್ಮಿಬ್ಬರಲ್ಲಿ ಒಬ್ಬರು ಸುಳ್ಳುಗಾರರಾಗಲೇಬೇಕು.

ನನ್ನ ಬೇಡಿಕೆ ಸರಳ. ಒಂದೇ ಹಕ್ಕಿಗೆ ಒಂದೇ ತೀರ್ಪು ಕೊಡಿ. ಆರನೆಯ ತಾರೀಖಿನ ದಾಖಲೆಯನ್ನು ಅಂಗೀಕರಿಸಿ, ಇಲ್ಲವೇ ಹತ್ತನೆಯದನ್ನೂ ತಿರಸ್ಕರಿಸಿ. ನಿವಾಸಿಗಳ ಅಭ್ಯಾಸದ ಬಗೆಗಿನ ಮಾತನ್ನು ಮುಂದಿನ ಸಂಚಿಕೆಯಲ್ಲಿ ಹಿಂತೆಗೆದುಕೊಳ್ಳಿ. ಇದಾಗದಿದ್ದರೆ, ‘ಪರಿಗಣಿಸಲಾಗಿದೆ’ ಎಂಬ ಕರ್ತೃವಿಲ್ಲದ ಕ್ರಿಯಾಪದದ ಮರೆ ಬಿಟ್ಟು ಹೊರಬನ್ನಿ: ಈ ಹೆಂಗಸು ಸುಳ್ಳು ಹೇಳಿದ್ದಾಳೆ ಎಂದು ನೇರವಾಗಿ ಮುದ್ರಿಸಿ, ಕೆಳಗೆ ಹೆಸರು ಬರೆಯಿರಿ. ಮೂವತ್ತೊಂದು ವರ್ಷ ಮಕ್ಕಳ ಉತ್ತರಪತ್ರಿಕೆಗಳ ಮೇಲೆ ‘ತಪ್ಪು’ ಎಂದು ಬರೆದಾಗಲೆಲ್ಲ ನಾನು ಸಹಿ ಹಾಕಿದ್ದೇನೆ. ತಾವೂ ಹಾಕಿ.

ಇಂತಿ,
ತಮ್ಮ ವರದಿಯಲ್ಲಿ ‘ಸ್ಥಳೀಯ ನಿವಾಸಿ’ ಎಂದಷ್ಟೇ ನಮೂದಾಗಿರುವ
ಗುರುದೇವಿ
ನಿವೃತ್ತ ಮುಖ್ಯೋಪಾಧ್ಯಾಯಿನಿ
ಕಿಂಗ್ಸ್‌ಬರಿ, ಸೆಪ್ಟೆಂಬರ್ ೧೯೯೯