ಯಜಮಾನರ ಕೈ ಸವೆಸಿದ ಅಂಚು

ಫೆಬ್ರವರಿ 3, ಸೋಮವಾರ

ಹಾಲ್‌ನ ಗೋಡೆ ಪ್ಯಾನೆಲ್‌ಗೆ ಎರಡನೇ ಕೋಟ್ ಸೀಲರ್ ಆಯಿತು. ಒಣಗುವ ತನಕ ಇದನ್ನು ಬರೆಯುತ್ತಿದ್ದೇನೆ. ಬೀರುಗಳು ಮುಗಿದವು. ನಾಲ್ಕು ಬಾಗಿಲಲ್ಲಿ ಮೂರು ಮುಗಿದವು. ಇನ್ನು ಊಟದ ಮೇಜು.

ಮನೆಯ ಮಗಳು ಫೋನಿನಲ್ಲಿ ಮತ್ತೆ ಅದೇ ಫೋಟೋ ತೋರಿಸಿದಳು. "ಗೋಡೆ, ಬೀರು, ಮೇಜು ಎಲ್ಲಾ ಒಂದೇ ಶೇಡ್ ಬರ್ಬೇಕು ಪಾಲಿಶ್ ಅಣ್ಣ. ಮ್ಯಾಟ್ ಫಿನಿಶ್. ಒಂದು ಗೀರೂ ಕಾಣ್ಬಾರ್ದು."

"ಮೇಜು ಹಳೇ ತೇಗ, ಮೇಡಂ. ಪ್ಯಾನೆಲ್ ನಿನ್ನೆ ಹುಟ್ಟಿದ್ದು. ಅಜ್ಜನಿಗೂ ಮೊಮ್ಮಗನಿಗೂ ಒಂದೇ ಬಣ್ಣದ ಕೂದಲು ಬೇಕು ಅಂದ ಹಾಗಾಯ್ತು."

"ಡೈ ಹಾಕಲ್ವಾ?" ಅಂದಳು. ಸೋತೆ.

ಅವಳ ತಂದೆ ತೀರಿಹೋಗಿ ಒಂದು ವರ್ಷ. ತಾಯಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ತಮ್ಮ ತಂಗಿಯ ಮನೆಯಲ್ಲಿದ್ದಾರೆ, ಧೂಳು ತಾಗಬಾರದೆಂದು. ಹದಿನೈದಕ್ಕೆ ಬರುತ್ತಾರೆ. ಅಷ್ಟರಲ್ಲಿ ಮನೆ ಹೊಸದಾಗಿರಬೇಕು.

ಫೆಬ್ರವರಿ 5, ಬುಧವಾರ, ಸಂಜೆ

ಮೇಜಿನ ಹಲಗೆ ಕಾಲಿಂದ ಬಿಚ್ಚಿ ಸ್ಟ್ಯಾಂಡಿನ ಮೇಲೆ ಹಾಕಿದೆ. ಎಂಬತ್ತರ ನಂಬರಿನ ಒರಟು ಉಜ್ಜುವ ಪೇಪರ್, ಮಷಿನ್. ಬೆಳಕು ಬರುವ ಕಡೆಗೆ ಹಲಗೆ ಮೂರು ಸಲ ತಿರುಗಿಸಿದೆ. ಅಂಚಿನುದ್ದಕ್ಕೂ ಸಣ್ಣಪುಟ್ಟ ತಗ್ಗುಗಳು. ಯಾವುದು ಯಾರದೆಂದು ಕೇಳುವ ಅಭ್ಯಾಸ ನಮ್ಮ ಕಸುಬಿನಲ್ಲಿಲ್ಲ. ಒಂದು ಮಾತ್ರ ಹಠಮಾರಿ, ಹೆಬ್ಬೆರಳು ಕೂರುವಷ್ಟು ಆಳ. ಅದರ ಸಲುವಾಗಿ ಇಡೀ ಅಂಚನ್ನೇ ಸ್ವಲ್ಪ ಇಳಿಸಿದೆ. ಅಲ್ಲಿ ಎದ್ದ ಹುಡಿಗೆ ತೇಗದ ವಾಸನೆ ಇರಲಿಲ್ಲ. ಬೆವರಿನ ವಾಸನೆ. ಮೂಗಿಗೆ ಬಟ್ಟೆ ಕಟ್ಟಿಕೊಂಡೆ.

ಈಗ ಕೈಯಾಡಿಸಿದರೆ ನಿಂತ ನೀರು. ಇಪ್ಪತ್ತು ವರ್ಷದಲ್ಲಿ ಇಷ್ಟು ಚೆಂದ ಯಾವುದೂ ಬಂದಿಲ್ಲ. ಮನೆಗೆ ಬಂದು ಕೊಚ್ಚಿಕೊಂಡೆ.

ಹೆಂಡತಿ: "ನಮ್ಮನೆ ಬಾಗಿಲಿಗೆ ಯಾವಾಗ್ರೀ? ನಿಮ್ಮ ಕೈಗುಣ ಊರಿಗೆಲ್ಲಾ, ಮನೆಗೆ ಮಾತ್ರ ಗೆದ್ದಲು."

ಫೆಬ್ರವರಿ 7, ಶುಕ್ರವಾರ

ಬೆಳಿಗ್ಗೆ ಮಗಳ ಫೋನ್. ದನಿ ಸರಿ ಇರಲಿಲ್ಲ. ಹೋದೆ.

ತಾಯಿ ತಂಗಿಯ ಮನೆಯಿಂದ ಫೋನಿನಲ್ಲಿ ಕೇಳಿದರಂತೆ: "ಮೇಜಿಗೆ ಏನೂ ಮಾಡಿಲ್ಲ ತಾನೇ? ಅಪ್ಪನ ಕೈ ಜಾಗ ಹಾಗೇ ಇದೆಯಲ್ಲ?"

ತೀರಿಹೋದ ಯಜಮಾನರಿಗೆ ಒಂದು ಅಭ್ಯಾಸ. ಊಟ ಮುಗಿಸಿ ಮಾತಿಗೆ ಕೂತರೆ ಹೆಬ್ಬೆರಳಲ್ಲಿ ಮೇಜಿನ ಅಂಚು ಉಜ್ಜುತ್ತಿದ್ದರು. ಮೂವತ್ನಾಲ್ಕು ವರ್ಷ. ಅವರು ಹೋದ ಮೇಲೆ ತಾಯಿ ಅವರ ಕುರ್ಚಿಯಲ್ಲಿ ಕೂತು, ತಡಕಿ, ಆ ತಗ್ಗಿನಲ್ಲಿ ಬೆರಳಿಟ್ಟು, ಆಮೇಲೆ ತುತ್ತು ಎತ್ತುತ್ತಿದ್ದರು.

"ಅಪ್ಪನ ಜಾಗ ಅಂದ್ರೆ ನಾನು ಕುರ್ಚಿ ಅಂದ್ಕೊಂಡಿದ್ದೆ ಅಣ್ಣ. ಅದಕ್ಕೇ ಕುರ್ಚಿ ಮುಟ್ಟೋಕೆ ಬಿಡ್ಲಿಲ್ಲ ನಿಮ್ಗೆ."

"ಅಮ್ಮನಿಗೆ ಏನಂದ್ರಿ?"

"ಹಾಗೇ ಇದೆ ಅಂದೆ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಜ್ಜಿಯ ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಗಿಳಿಯೊಳಗೆ ಇರುತ್ತಿತ್ತು. ಈ ಯಜಮಾನರದ್ದು ಮೇಜಿನ ಅಂಚಿನಲ್ಲಿ ಒಂದಿಷ್ಟು ಉಳಿದಿತ್ತು. ನಾನು ಎಂಬತ್ತರ ಪೇಪರಲ್ಲಿ ಉಜ್ಜಿಬಿಟ್ಟೆ.

"ಮತ್ತೆ ಮಾಡೋಕಾಗುತ್ತಾ?"

ಹೊಸ ಮರವನ್ನು ಹಳೆಯದಾಗಿ ತೋರಿಸುವುದೂ ನಮ್ಮ ಕೆಲಸವೇ. ಆಗುತ್ತೆ ಅಂದೆ. ಸ್ವಲ್ಪ ಬೇಗ ಅಂದೆನೇನೋ.

ಫೆಬ್ರವರಿ 10, ಸೋಮವಾರ, ಮಧ್ಯಾಹ್ನ ಮೂರು

ಹಲಗೆಯನ್ನು ಮತ್ತೆ ಕಾಲಿಗೆ ಜೋಡಿಸಿದೆ. ತಗ್ಗಿದ್ದ ಜಾಗ ಎಲ್ಲಿ? ನನಗೆ ತಗ್ಗಿನ ಆಳ ನೆನಪಿದೆ, ಜಾಗ ನೆನಪಿಲ್ಲ. ಮಗಳು ತೋರಿಸಿದಳು. "ಇಲ್ಲಿ." ಒಂದು ಗೇಣು ಸರಿದು, "ಅಲ್ಲ, ಇಲ್ಲಿ." ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಅವಳು ಹೊರಗೆ ಹೋದಳು.

ಅರ ಹಿಡಿದರೆ ಅರದ ಗುರುತು ಬೀಳುತ್ತದೆ. ಇದು ಬೆರಳೇ ಮಾಡಬೇಕಾದದ್ದು. ಹೆಬ್ಬೆರಳಿಗೆ ನಯ ಪೇಪರ್ ಸುತ್ತಿ ಉಜ್ಜಿದೆ. ನಿಂತು ಉಜ್ಜಿದರೆ ಬೆರಳಿನ ಓರೆ ಸರಿಬರಲಿಲ್ಲ. ಅವರ ಕುರ್ಚಿಯಲ್ಲಿ ಕೂತೆ. ಸುಮ್ಮನೆ ಉಜ್ಜಿದರೆ ಬೆರಳು ಗರಗಸದಂತೆ ಓಡುತ್ತದೆ. ಮಾತಾಡುತ್ತಾ ಉಜ್ಜಿದರೆ ನಿಧಾನ, ತಾನೇ ತಾನಾಗಿ. ಮಾತಾಡೋಣವೆಂದರೆ ಮನೆಯಲ್ಲಿ ಯಾರಿದ್ದಾರೆ? ಎದುರಿನ ಖಾಲಿ ಕುರ್ಚಿಗೆ ಅಜ್ಜಿಯ ಕಥೆ ಶುರು ಮಾಡಿದೆ. ಏಳು ಜನ ಅಣ್ಣಂದಿರ ಒಬ್ಬಳೇ ತಂಗಿಯ ಕಥೆ. ಪೂರ್ತಿ ಹೇಳಿದೆ. ಮಧ್ಯೆ ಎರಡು ಸಲ "ಹೂಂ" ಗಾಗಿ ಕಾದೆ.

ಎಷ್ಟು ಹೊತ್ತಾಯಿತೋ. ತಲೆ ಎತ್ತಿದರೆ ಬಾಗಿಲಲ್ಲಿ ಮಗಳು, ಕೈಯಲ್ಲಿ ಬೀಗದಕೈ. ಒಳಗೆ ಬರುತ್ತಿಲ್ಲ.

"ಏನಾಯ್ತು ಮೇಡಂ?"

"ಏನಿಲ್ಲ... ಕತ್ತು ಅಪ್ಪನ ಹಾಗೆ ವಾಲಿಸ್ಬೇಡಿ ಅಣ್ಣ."

ವಾಲಿತ್ತು. ಬಲಕ್ಕೆ. ನನಗೆ ಗೊತ್ತೇ ಇರಲಿಲ್ಲ.

ಫೆಬ್ರವರಿ 12, ಬುಧವಾರ

ಊಟಕ್ಕೆ ಕೂತಾಗ ಹೆಂಡತಿ ಕೈ ಹಿಡಿದು ನಿಲ್ಲಿಸಿದಳು. "ತಟ್ಟೆ ಅಂಚು ಯಾಕ್ರೀ ಉಜ್ತೀರಾ? ಅದಕ್ಕೂ ಪಾಲಿಶಾ?" ನಕ್ಕೆ. ಅವಳು ನಗಲಿಲ್ಲ.

ತಗ್ಗು ಮುಗಿಯಿತು. ಟೀ ಡಿಕಾಕ್ಷನ್ ಹಚ್ಚಿ ಕಪ್ಪು ಬರಿಸಿ, ಮೇಣ ತಿಕ್ಕಿದೆ. ಮಗಳು ಕಣ್ಣು ಮುಚ್ಚಿ ಬೆರಳಿಟ್ಟಳು. "ಅಪ್ಪ..." ಅಂದಳು. ಅತ್ತಳು.

ಸುಳ್ಳು ಇಷ್ಟು ನಯವಾಗಿ ಬರಬಾರದಿತ್ತು.

ಫೆಬ್ರವರಿ 15, ಶನಿವಾರ

ತಾಯಿ ಬಂದರು. ಕಪ್ಪು ಕನ್ನಡಕ. ಗೋಡೆ ಹಿಡಿದು ನಡೆದರು. "ಎಲ್ಲಾ ಒಂದೇ ಬಣ್ಣ. ಎಲ್ಲಿ ಗೋಡೆ ಮುಗೀತು, ಎಲ್ಲಿ ಬೀರು ಶುರುವಾಯ್ತು, ಗೊತ್ತಾಗಲ್ಲವಲ್ಲೇ" ಅಂದರು ಮಗಳಿಗೆ. ಕೂತರು. ಬೆರಳು ಅಂಚಿನ ಮೇಲೆ ಸರಿಯುತ್ತಾ ಬಂತು. ತಗ್ಗಿನಲ್ಲಿ ನಿಂತಿತು.

ಎರಡು ಸಲ ಉಜ್ಜಿದರು. ಆಮೇಲೆ ಪರರ ತಟ್ಟೆಗೆ ಕೈ ಹಾಕಿದವರಂತೆ ತಟ್ಟನೆ ತೆಗೆದುಕೊಂಡರು.

"ಇಲ್ಲಿ ಯಾರು ಕೂತಿದ್ದು?"

ಮಗಳು ನನ್ನ ಕಡೆ ನೋಡಿ ಬೇಡ ಬೇಡ ಎಂದು ತಲೆಯಾಡಿಸಿದಳು.

"ನಾನೇ ಅಮ್ಮಾ" ಅಂದೆ. ಎಲ್ಲಾ ಹೇಳಿದೆ. ಮಷಿನ್, ಪೇಪರ್, ಟೀ ಡಿಕಾಕ್ಷನ್, ಎದುರಿನ ಕುರ್ಚಿಗೆ ಹೇಳಿದ ಕಥೆ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಒಳ್ಳೆ ಕೈ ನಿಂದು. ಆದ್ರೆ ಅದು ನಿಂದು."

"ಸರಿಯಾದ ಜಾಗ ತೋರಿಸಿ ಅಮ್ಮಾ—"

"ತೋರಿಸಿದ್ರೆ ಅಲ್ಲೂ ಒಂದು ಮಾಡ್ತೀಯ, ಅಷ್ಟೇ."

ಎದ್ದು ಹೋಗಿ, ಊಟದ ತಟ್ಟೆಯನ್ನು ಅಡುಗೆಮನೆಗೆ ತರಿಸಿಕೊಂಡರು.

ಫೆಬ್ರವರಿ 16, ಭಾನುವಾರ

ಕೆಲಸಕ್ಕೆ ಹೋಗಲಿಲ್ಲ. ಹೆಬ್ಬೆರಳ ಚರ್ಮ ನುಣ್ಣಗಾಗಿದೆ. ಗೆರೆಗಳಿಲ್ಲ. ಹೊಸ ಫೋನು ಬೆರಳಚ್ಚು ಹಿಡಿಯುತ್ತಿಲ್ಲ.

ಮಾರ್ಚ್ 9, ಭಾನುವಾರ, ಮಧ್ಯಾಹ್ನ

ಬೆಳಿಗ್ಗೆ ಮಗಳ ಫೋನ್. ಅಮ್ಮ ಇಷ್ಟು ದಿನವೂ ಅಡುಗೆಮನೆಯ ಸ್ಟೂಲಿನ ಮೇಲೇ ಊಟ. ಅರ್ಧ ತಿಂದು ಏಳುತ್ತಾರೆ. ಇವತ್ತು ನನ್ನನ್ನು ಕರಿ ಅಂದರಂತೆ.

"ಮೇಜಿನ ಪಾಲಿಶ್ ಕಿತ್ತೆದ್ದಿದೆಯಾ?"

"ಗೊತ್ತಿಲ್ಲ ಅಣ್ಣ. ಬರೋಕೆ ಹೇಳು ಅಂದ್ರು, ಅಷ್ಟೇ."

ಹೋದೆ. ಹನ್ನೊಂದು ಗಂಟೆ, ಹಾಲ್ ತುಂಬಾ ಬಿಸಿಲು. ತಾಯಿ ಮೇಜಿನ ಆಚೆ ಬದಿ, ತಮ್ಮ ಹಳೇ ಕುರ್ಚಿಯಲ್ಲಿ. ಎರಡು ಲೋಟ ಟೀ.

"ಅಲ್ಲಿ ಕೂತ್ಕೋಪ್ಪ."

"ಆ ಕುರ್ಚೀಲಾ ಅಮ್ಮಾ?"

"ಅವತ್ತು ನೀನು ಕೇಳ್ದೇ ಕೂತಿದ್ದೆ. ಇವತ್ತು ನಾನೇ ಹೇಳ್ತಿದೀನಲ್ಲ."

ಕೂತೆ.

"ಖಾಲಿ ಕುರ್ಚಿಗೆ ಏನೋ ಕಥೆ ಹೇಳಿದ್ಯಲ್ಲ. ನನಗೆ ಹೇಳು. ಮೂವತ್ನಾಲ್ಕು ವರ್ಷ ಇಲ್ಲಿ ಕೂತು ಅವರ ಮಾತು ಕೇಳಿದ್ದೇ ಕೆಲಸ. ಒಂದು ವರ್ಷದಿಂದ ಕಿವಿ ಸುಮ್ನೆ ಕೂತಿದೆ."

ಶುರು ಮಾಡಿದೆ. ಏಳು ಜನ ಅಣ್ಣಂದಿರು. ಒಬ್ಬಳೇ ತಂಗಿ. ಸರಿಯಾದ ಜಾಗದಲ್ಲಿ "ಹೂಂ" ಅನ್ನುತ್ತಿದ್ದರು. ಕೇಳುವವರಿದ್ದರೆ ಕಥೆಗೆ ಕಾಲು ಬರುತ್ತದೆ. ನನಗೂ ಖುಷಿ, ಟೀ ಆರಿಹೋಯಿತು. ತಂಗಿ ಬಾವಿಕಟ್ಟೆ ಹತ್ತುವ ಹೊತ್ತಿಗೆ "ಹೂಂ" ನಿಂತಿತು. ನೋಡಿದರೆ ಅವರು ಕನ್ನಡಕ ತೆಗೆದು ಮೇಜಿನ ಅಂಚು ನೋಡುತ್ತಿದ್ದಾರೆ. ನಾನೂ ನೋಡಿದೆ.

ನನ್ನ ಹೆಬ್ಬೆರಳು ನಾನು ಮಾಡಿದ ತಗ್ಗಿನಲ್ಲಿರಲಿಲ್ಲ. ಅದರಿಂದ ಎರಡು ಗೇಣು ಎಡಕ್ಕೆ, ಏನೂ ಇಲ್ಲದ ನುಣುಪು ಹಲಗೆಯ ಮೇಲೆ, ತನ್ನ ಪಾಡಿಗೆ ಉಜ್ಜುತ್ತಿತ್ತು. ಎಡಗೈ. ನಾನು ಎಡಗೈಯವನಲ್ಲ.

ಗಾಬರಿಯಾಗಿ ಎಳೆದುಕೊಳ್ಳಲು ಹೋದೆ.

"ತೆಗೀಬೇಡ್ರೀ" ಅಂದರು. "ಅಲ್ಲೇ ಇರ್ಲಿ."

ಆ ದನಿ, ಆ 'ರೀ' ನನಗೆ ಹೇಳಿದ್ದಲ್ಲ.

"ಆಮೇಲೆ?" ಅಂದರು.

ಅಜ್ಜಿಯ ಕಥೆ ನನಗೆ ಪೂರ್ತಿ ಬಾಯಿಪಾಠ. ತಂಗಿ ಬಾವಿಗೆ ಬಗ್ಗಿ ನೋಡುತ್ತಾಳೆ, ಅದೇ ಮುಂದಿನ ಮಾತು. ಬಾಯಿ ತೆರೆದೆ. ಬಂದದ್ದು ಅದಲ್ಲ. ಬಂದದ್ದು ಒಂದು ಹೆಸರು, ಆ ತಾಯಿಯ ಹೆಸರು, ಯಾರೂ ನನಗೆ ಹೇಳಿರದ ಹೆಸರು. ಅವರು ಎದ್ದು ಸೆರಗು ಬಾಯಿಗೆ ಒತ್ತಿಕೊಂಡು, ಮೇಜು ಬಳಸಿ ನನ್ನ ಕಡೆ ಬಂದರು, ಆ ಎಡ ಹೆಬ್ಬೆರಳ ಪಕ್ಕದಲ್ಲಿ ತಮ್ಮ ಬೆರಳಿಟ್ಟರು.