ತಾಳಿ ಬಿಚ್ಚಿಸಿ ತೆಗೆದ ಚಿತ್ರ ಏನು ಹೇಳಿತು?

ಮಿದುಳಿನ ಚಿತ್ರ ತೆಗೆಯುವ ಸಂಶೋಧನಾ ಕಚೇರಿಯ ಮುಖ್ಯಸ್ಥರೇ,

ನನ್ನ ಹೆಂಡತಿ ಸಿದ್ದಲಕ್ಷ್ಮಮ್ಮನ ತಲೆಯೊಳಗಿನ ಚಿತ್ರ ನಿಮ್ಮ ಕಂಪ್ಯೂಟರಿನಲ್ಲಿದೆ. ಅದರಲ್ಲಿ ಏನು ಕಂಡಿತು ಎಂದು ಕೇಳಲು ಗುಬ್ಬಿಯಿಂದ ತುಮಕೂರಿಗೆ ನಾಲ್ಕು ಸಲ ಬಸ್ಸು ಹತ್ತಿದ್ದೇನೆ. ನಾಲ್ಕು ಸಲವೂ ನಿಮ್ಮ ಕಚೇರಿಯ ಹೆಣ್ಣುಮಗಳು ಮರ್ಯಾದೆಯಿಂದ ಕುರ್ಚಿ ಕೊಟ್ಟು, ನೀರು ಕೊಟ್ಟು, "ತಾತ, ಇದು ರಿಸರ್ಚ್‌ಗೆ ಅಷ್ಟೇ, ರಿಪೋರ್ಟ್ ಕೊಡಲ್ಲ. ನೀವೇ ಸೈನ್ ಮಾಡಿದೀರಲ್ಲ" ಎಂದಿದ್ದಾಳೆ. ಮಾಡಿದ್ದೇನೆ ಸ್ವಾಮಿ. ಹನ್ನೊಂದು ಪುಟ! ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅದನ್ನು ಓದಿ ಮುಗಿಸುವ ಹೊತ್ತಿಗೆ ನಿಮ್ಮ ಸಂಶೋಧನೆಯೇ ಮುಗಿದುಹೋಗಿರುತ್ತಿತ್ತು.

ಮುದುಕರ ಮರೆವಿನ ಕಾಯಿಲೆಯ ಬಗ್ಗೆ ತಿಳಿಯಬೇಕು ಎಂದು ನಮ್ಮೂರಿಗೆ ಬಂದವರು ನೀವು, ನಾವು ಕರೆದಿರಲಿಲ್ಲ. ಇವಳು ಎರಡು ವರ್ಷದಿಂದ ಸಾರಿಗೆ ಮೂರು ಸಲ ಉಪ್ಪು ಹಾಕುತ್ತಿದ್ದಳು. ವಯಸ್ಸಾಯಿತು ಎಂದು ನಾವು ನೀರು ಬೆರೆಸಿಕೊಂಡು ಉಣ್ಣುತ್ತಿದ್ದೆವು. ನೀವು ವ್ಯಾನಿನಲ್ಲಿ ಕರೆದುಕೊಂಡು ಹೋಗಿ, ಮೆಷಿನ್ನಿನೊಳಗೆ ಮಲಗುವ ಮುಂಚೆ ಮೈಮೇಲಿನ ಲೋಹವೆಲ್ಲ ತೆಗೆಯಬೇಕು ಎಂದಿರಿ. ಗಂಡ ಬದುಕಿರುವಾಗ ನಮ್ಮಲ್ಲಿ ಹೆಂಗಸಿನ ಕೊರಳು ಬರಿದಾಗಬಾರದು. ಅದಕ್ಕೆ ನನ್ನ ಸೊಸೆ ನೇತ್ರಾವತಿ ಹಳದಿ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಅತ್ತೆಯ ಕೊರಳಿಗೆ ಹಾಕಿ, ಆಮೇಲೆ ತಾಳಿ ಬಿಚ್ಚಿ ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಚಿತ್ರ ಮುಗಿದ ಮೇಲೆ ಬೆಂಚಿನ ಮೇಲೆ ಕೂರಿಸಿ ತಾನೇ ತಾಳಿ ಹಾಕಿದಳಂತೆ. ನಾನು ನೋಡಲಿಲ್ಲ. ಹೊರಗೆ ಟೀ ಕುಡಿಯುತ್ತಿದ್ದೆ.

ಮಾರನೇ ಬೆಳಿಗ್ಗೆ ಇವಳ ಕೊರಳಲ್ಲಿ ಕೊಂಬು ಮಾತ್ರ ಇತ್ತು. ಬೀದಿಗೆ ಹೋಗಿ ಕೂಗಿದಳು: "ನೋಡ್ರವ್ವಾ, ನನ್ ಸೊಸೆ ತಾಳಿ ಬಿಚ್ಕೊಂಡು ಕೊಂಬು ಕಟ್ಟವ್ಳೆ!"

"ಮಾವ, ನಾನು ನಿನ್ನೇನೇ ಹಾಕಿದ್ನಲ್ಲಾ. ನೀವಾದ್ರೂ ಹೇಳಿ" ಎಂದಳು ನೇತ್ರಾವತಿ.

ಹೇಳಿದೆ. "ಹಾಕಿದ್ರೆ ಎಲ್ಲೋಯ್ತದೆ? ರೆಕ್ಕೆ ಬಂತಾ ಅದಕ್ಕೆ? ಕಳ್ಳಿ!" ಎಂದೆ. ಇಡೀ ಬೀದಿ ಕೇಳಿತು. ಮಧ್ಯಾಹ್ನದ ಬಸ್ಸಿಗೆ ಅವಳು ಕುಣಿಗಲ್ಲಿನ ಅಣ್ಣನ ಮನೆಗೆ ಹೋದಳು.

ಒಂಬತ್ತು ದಿನದ ಮೇಲೆ ತಾಳಿ ಸಿಕ್ಕಿತು. ರಾಗಿ ಡ್ರಮ್ಮಿನ ತಳದಲ್ಲಿ, ಇವಳದೇ ಎಲೆಯಡಿಕೆ ಚೀಲದಲ್ಲಿ. ಬೀದಿಯವರು ಒಪ್ಪಿದರೇ? "ಸಿಕ್ಕಾಕ್ಕೊತೀನಿ ಅಂತ ಅವ್ಳೇ ಮಡಗಿ ಹೋಗವ್ಳೆ ಬುಡು" ಎಂದು ಅವರೂ ಸಂಶೋಧನೆ ಮುಗಿಸಿದರು. ಕುಣಿಗಲ್ಲಿಗೆ ಹೋದರೆ ನೇತ್ರಾವತಿಯ ಅಣ್ಣ ಶಿವರಾಜ್ ಒಳಗೆ ಕರೆಯಲಿಲ್ಲ. "ಅತ್ತೆಗೆ ಕಾಯ್ಲೆ ಅಂತ ಡಾಕ್ಟ್ರು ಬರ್ದಿರೋ ಚೀಟಿ ತನ್ನಿ ಮಾವ. ನಿಮ್ ಬಾಯಿ ಮಾತು ಕೇಳಿದ್ದು ಸಾಕು" ಎಂದ. ಬೇರೆ ಆಸ್ಪತ್ರೆಗೆ ಹೋಗೋಣವೆಂದರೆ, ಮೆಷಿನ್ನು ಎಂದ ಕೂಡಲೇ ಇವಳು ಎರಡೂ ಕೈಯಲ್ಲಿ ಕೊರಳು ಹಿಡಿದುಕೊಂಡು ಕೂರುತ್ತಾಳೆ. ಇರುವುದು ನಿಮ್ಮ ಹತ್ತಿರ ಇರುವ ಚಿತ್ರವೊಂದೇ.

ನೀವು ಒಬ್ಬೊಬ್ಬರ ತಲೆ ನೋಡುವುದಿಲ್ಲವಂತೆ, ನೂರಾರು ತಲೆ ಸೇರಿಸಿ ಸರಾಸರಿ ತೆಗೆಯುತ್ತೀರಂತೆ. ಬಹಳ ಸಂತೋಷ. ಆದರೆ ನನ್ನ ಮನೆಯಿಂದ ಎದ್ದು ಹೋದವಳು ಸರಾಸರಿ ಸೊಸೆಯಲ್ಲ. ಹೊಲದ ಮಣ್ಣು ಪರೀಕ್ಷೆಗೆ ಒಯ್ದವರು ಕಾರ್ಡು ತಂದು ಕೊಟ್ಟು, ಇದರಲ್ಲಿ ಸತುವು ಕಡಿಮೆ ಎಂದು ತಿಳಿಸಿ ಹೋದರು. ಹಿಡಿ ಮಣ್ಣಿಗಿರುವ ಮರ್ಯಾದೆ ನನ್ನ ಹೆಂಡತಿಯ ತಲೆಗಿಲ್ಲವೇ? ಅಟ್ಟದ ಕೊಬ್ಬರಿ ಒಡೆದ ವ್ಯಾಪಾರಿಯೂ ಕೊಳೆತಿದ್ದರೆ ಕರೆದು ತೋರಿಸುತ್ತಾನೆ. ವಿಜ್ಞಾನ ದೊಡ್ಡದು, ಒಪ್ಪಿದೆ. ಅಷ್ಟು ದೊಡ್ಡದಕ್ಕೆ ಒಂದು ಮಾತು ಆಡಲು ಬಾಯಿಲ್ಲವೇ?

ಬರೀ ಚಿತ್ರ ನೋಡಿ ಕಾಯಿಲೆ ಹೇಳಲಾಗದು ಎನ್ನುತ್ತೀರಿ. ಸರಿ. ಅವತ್ತು ಇವಳನ್ನು ಎರಡು ಗಂಟೆ ಕೂರಿಸಿ, ಮಕ್ಕಳ ಹೆಸರು ಕೇಳಿ, ಗಡಿಯಾರ ಬರೆಸಿದ ಡಾಕ್ಟರು ನಿಮ್ಮಲ್ಲೇ ಇದ್ದಾರೆ. ಅವರು ಚಿತ್ರವನ್ನೂ ಆ ಕಾಗದಗಳನ್ನೂ ಪಕ್ಕದಲ್ಲಿಟ್ಟುಕೊಂಡು, ಮರೆವಿನ ಕಾಯಿಲೆ ಇದೆಯೋ ಇಲ್ಲವೋ, ಕನ್ನಡದಲ್ಲಿ ಒಂದು ಪುಟ ಬರೆಯಲಿ. ಇಲ್ಲ ಎಂದಾದರೆ ಅದನ್ನೇ ಬರೆಯಲಿ. ಕುಣಿಗಲ್ಲಿಗೆ ಹೋಗಿ ಕೈಮುಗಿಯುವುದು ನನಗೆ ಆಗಲೂ ತಪ್ಪಿದ್ದಲ್ಲ.

ಆ ಪುಟವನ್ನು ಅಂಚೆಯಲ್ಲಿ ಕಳಿಸಬೇಡಿ. ನಿಮ್ಮವರು ಯಾರಾದರೂ ಬಂದು ನಮ್ಮ ಬೀದಿಯಲ್ಲಿ ನಿಂತು ಗಟ್ಟಿಯಾಗಿ ಓದಲಿ. ನಾನು ಬೈದದ್ದೂ ಗಟ್ಟಿಯಾಗಿಯೇ.

ಇಂತಿ,
ಮಾವ ಎನ್ನಿಸಿಕೊಳ್ಳುವ ಮುಖ ಉಳಿಯದ
ಲಕ್ಷ್ಮೀನರಸಿಂಹಯ್ಯ
ಗುಬ್ಬಿ ತಾಲ್ಲೂಕು